ಬಿಲ್ಲಿಗೆ ತಕ್ಕ ಬಾಣ: ತೂಕವೆಷ್ಟು, ಗಡುಸೆಷ್ಟು?

ಕಾಂಪೌಂಡ್ ಬಿಲ್ಲು ಈಗ ನಮ್ಮ ದೇಶದಲ್ಲಿ ಮಕ್ಕಳ ಕಣ್ಣಿಗೆ ಬಿದ್ದಿದೆ. 2023ರ ಆಗಸ್ಟ್‌ನಲ್ಲಿ ಬರ್ಲಿನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದಿತಿ ಸ್ವಾಮಿ ಮತ್ತು ಓಜಸ್ ದೇವತಳೆ ವೈಯಕ್ತಿಕ ಚಿನ್ನ ಗೆದ್ದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡ್ ವಿಭಾಗದ ಐದಕ್ಕೆ ಐದೂ ಚಿನ್ನ ಭಾರತದ ಪಾಲಾದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯೂ ಸೇರಿದೆ. ಹೀಗಾಗಿ ಸಾಲ ಮಾಡಿಯಾದರೂ ಮಗಳಿಗೊಂದು ಬಿಲ್ಲು ಕೊಡಿಸುವ ತಂದೆತಾಯಿ ಈಗ ಅಪರೂಪವೇನಲ್ಲ. ಬಿಲ್ಲು ಆರಿಸುವಾಗ ವಾರಗಟ್ಟಲೆ ವಿಚಾರಿಸುತ್ತಾರೆ. ಬಾಣದ ಸರದಿ ಬಂದಾಗ ಮಾತ್ರ ಎರಡೇ ಪ್ರಶ್ನೆ: ಯಾವುದು ಹೆಚ್ಚು ವೇಗವಾಗಿ ಹೋಗುತ್ತದೆ? ದೊಡ್ಡ ಆಟಗಾರರು ಯಾವುದನ್ನು ಬಳಸುತ್ತಾರೆ?

ಎರಡೂ ಸರಿಯಾದ ಪ್ರಶ್ನೆಗಳಲ್ಲ. ಬಾಣವನ್ನು ಬಿಲ್ಲಿನ ಹೆಸರು ನೋಡಿ ಆರಿಸುವುದಲ್ಲ, ಎಳೆಯುವವರ ಅಳತೆ ನೋಡಿ ಆರಿಸಬೇಕು. ಒಂದೇ ಕಂಪನಿಯ ಒಂದೇ ಮಾದರಿಯ ಬಿಲ್ಲು ಇಬ್ಬರ ಕೈಯಲ್ಲಿದ್ದರೂ ಇಬ್ಬರಿಗೂ ಬೇರೆ ಬೇರೆ ಬಾಣ ಬೇಕಾಗಬಹುದು. ಅಳತೆ ತೆಗೆದುಕೊಳ್ಳುವುದಕ್ಕೂ ಒಂದು ಕ್ರಮವಿದೆ. ಅದನ್ನು ಹಿಂದುಮುಂದು ಮಾಡಿದರೆ ಒಂದು ಡಜನ್ ದುಬಾರಿ ಬಾಣ ಮೂಲೆ ಸೇರುತ್ತವೆ.

ಮೊದಲು, ಬಾಣ ಬಾಗುವುದೇಕೆ ಎಂಬುದನ್ನು ನೋಡೋಣ. ಹೆದೆ ಬಿಟ್ಟ ಕ್ಷಣ ಬಲವೆಲ್ಲ ಬಾಣದ ಹಿಂತುದಿಗೆ, ಅಂದರೆ ನಾಕ್‌ಗೆ ಬೀಳುತ್ತದೆ. ಮುಂತುದಿಯಲ್ಲಿ ಭಾರವಾದ ಪಾಯಿಂಟ್ ಇದೆ; ಅದು ನಿಂತಲ್ಲಿಂದ ಏಳಲು ತಡ ಮಾಡುತ್ತದೆ. ತೆಂಗಿನ ಕಡ್ಡಿಯ ತುದಿಗೆ ಹುಣಸೆಹಣ್ಣಿನ ಉಂಡೆ ಸಿಕ್ಕಿಸಿ ಹಿಂದಿನಿಂದ ತಟ್ಟನೆ ನೂಕಿದರೆ ಕಡ್ಡಿ ನಡುವೆ ಬಾಗುತ್ತದಲ್ಲ, ಬಾಣವೂ ಹಾಗೆಯೇ ಬಾಗುತ್ತದೆ. 48 ಪೌಂಡ್ ಸೆಳೆತವೆಂದರೆ ಸುಮಾರು 22 ಕಿಲೋ. ಗುರಿಯಾಟದ ಒಂದು ಬಾಣದ ತೂಕ ಸುಮಾರು 22 ಗ್ರಾಂ. ತನ್ನ ತೂಕದ ಹೆಚ್ಚುಕಡಿಮೆ ಸಾವಿರ ಪಟ್ಟು ಬಲವನ್ನು ಆ ಕೊಳವೆ ಸೆಕೆಂಡಿನ ನೂರನೇ ಒಂದೆರಡು ಭಾಗದೊಳಗೆ ತಡೆದುಕೊಳ್ಳಬೇಕು.

ಕಾಂಪೌಂಡ್ ಬಿಲ್ಲಿನಲ್ಲಿ ಇದಕ್ಕೆ ಇನ್ನೊಂದು ಸೇರ್ಪಡೆಯಿದೆ. 1960ರ ದಶಕದಲ್ಲಿ ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಎಂಬಾತ ಬಿಲ್ಲಿನ ತುದಿಗಳಿಗೆ ಗಾಲಿ ಜೋಡಿಸಿ 1969ರಲ್ಲಿ ಪೇಟೆಂಟ್ ಪಡೆದ. ಆ ಗಾಲಿಗಳೇ ಇಂದಿನ ಕ್ಯಾಮ್‌ಗಳು. ಪೂರ್ತಿ ಎಳೆದು ಹಿಡಿದಾಗ ಕೈಮೇಲಿನ ಭಾರವನ್ನು ಅವು ಇಳಿಸುತ್ತವೆ. ಇದಕ್ಕೆ ಲೆಟ್-ಆಫ್ ಎನ್ನುತ್ತಾರೆ. ಶೇ 80 ಲೆಟ್-ಆಫ್ ಇರುವ 48 ಪೌಂಡಿನ ಬಿಲ್ಲನ್ನು ಹಿಡಿದು ನಿಂತಾಗ ಬೆರಳಿಗೆ ಹತ್ತು ಪೌಂಡೂ ತಾಗುವುದಿಲ್ಲ. ಆದರೆ ಹೆದೆ ಬಿಟ್ಟೊಡನೆ ಬಲ ಹತ್ತರಿಂದ 48ಕ್ಕೆ ಏರಿ, ಹೆಚ್ಚಿನ ದೂರವನ್ನು ಆ ಎತ್ತರದಲ್ಲೇ ಸಾಗಿ, ಕೊನೆಗೆ ಇಳಿಯುತ್ತದೆ. ಎಷ್ಟು ಬೇಗ ಏರುತ್ತದೆ ಎಂಬುದು ಕ್ಯಾಮ್‌ನ ಆಕಾರವನ್ನು ಅವಲಂಬಿಸಿದೆ. ವೇಗಕ್ಕೆಂದೇ ಮಾಡಿದ ಒರಟು ಕ್ಯಾಮ್ ಇದ್ದರೆ, ಅಷ್ಟೇ ಪೌಂಡಿಗೂ ಹೆಚ್ಚು ಗಡುಸಾದ ಬಾಣ ಬೇಕಾಗುತ್ತದೆ.

ಗಾಲಿಯಿಲ್ಲದ ರಿಕರ್ವ್ ಬಿಲ್ಲಿನವರ ಅನುಭವವನ್ನು ಇಲ್ಲಿಗೆ ಹಾಗೆಯೇ ತರಬಾರದು. ಅವರು ಬೆರಳಿನಿಂದ ಹೆದೆ ಬಿಡುತ್ತಾರೆ. ಹೆದೆ ಬೆರಳನ್ನು ಸುತ್ತಿಕೊಂಡು ಪಕ್ಕಕ್ಕೆ ಜಾರುವುದರಿಂದ ಬಾಣ ಎಡಬಲಕ್ಕೆ ಬಳುಕುತ್ತದೆ. ಆ ಬಳುಕು ಅವರಿಗೆ ಬೇಕು. ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಬಾಣ ಹೊರಡುವುದೇ ಹಾಗೆ. ಕಾಂಪೌಂಡ್‌ನವರು ರಿಲೀಸ್ ಸಾಧನದಿಂದ ಬಿಡುತ್ತಾರೆ, ಬಾಣವೂ ಬಿಲ್ಲಿನ ನಡುಗೆರೆಯಲ್ಲೇ ಕೂತಿರುತ್ತದೆ. ಪಕ್ಕಕ್ಕೆ ಬಳುಕುವ ಅಗತ್ಯ ಇಲ್ಲಿಲ್ಲ. ಆದ್ದರಿಂದಲೇ ಗಡುಸಿನ ಎರಡು ಹಂತಗಳ ನಡುವೆ ಸಂದೇಹ ಬಂದರೆ ಕಾಂಪೌಂಡ್‌ನವರು ಗಡುಸಿನ ಕಡೆಗೆ ವಾಲಬೇಕು ಎನ್ನುವುದು. ಕೊಂಚ ಹೆಚ್ಚು ಗಡುಸಾದ ಬಾಣ ಈ ಬಿಲ್ಲಿನಿಂದ ಚೆನ್ನಾಗಿಯೇ ಹಾರುತ್ತದೆ. ಕೊಂಚ ಮೆತ್ತಗಾದದ್ದು ಒಂದು ದಿನ ಗುಂಪಾಗಿ ಬಿದ್ದು ಇನ್ನೊಂದು ದಿನ ಚೆದುರುತ್ತದೆ. ತೀರಾ ಮೆತ್ತಗಾದದ್ದು ಬಿಟ್ಟ ಕ್ಷಣವೇ ಮುರಿಯಲೂಬಹುದು.

ಶಾಫ್ಟ್ ಮೇಲಿನ ಅಂಕಿ

ಬಾಣದ ಮೈಮೇಲೆ 400, 500, 600 ಎಂದು ಮುದ್ರಿಸಿರುತ್ತಾರೆ. ಅದೇ ಸ್ಪೈನ್. ಅಂಕಿ ದೊಡ್ಡದಾದಷ್ಟೂ ಬಾಣ ಮೆತ್ತಗೆ, ಚಿಕ್ಕದಾದಷ್ಟೂ ಗಡುಸು. ಹೊಸಬರು ಎಡವುವುದೇ ಇಲ್ಲಿ.

ಅಂಕಿ ಬರುವ ಬಗೆ ಸರಳವಾಗಿದೆ. ಬಾಣದ ಕೊಳವೆಯನ್ನು, ಅಂದರೆ ಶಾಫ್ಟನ್ನು, 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಮಲಗಿಸಿ, ಸರಿಯಾಗಿ ನಡುವೆ 880 ಗ್ರಾಂ ತೂಗುಹಾಕುತ್ತಾರೆ. ನಡುಭಾಗ ಎಷ್ಟು ಕೆಳಗಿಳಿಯಿತು ಎಂಬುದನ್ನು ಇಂಚಿನ ಸಾವಿರದ ಲೆಕ್ಕದಲ್ಲಿ ಬರೆದರೆ ಅದೇ ಸ್ಪೈನ್. ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್ ಇಳಿದರೆ 500. ಹತ್ತು ಮಿಲಿಮೀಟರ್‌ಗೆ ತುಸು ಮೇಲೆ ಇಳಿದರೆ 400. ಕತ್ತರಿಸದ ಉದ್ದನೆಯ ಶಾಫ್ಟ್, ಎರಡು ಮೊಳೆ ಹೊಡೆದ ಒಂದು ಹಲಗೆ, ಸರಿಯಾಗಿ ತೂಗಿದ ಒಂದು ಮರಳಿನ ಚೀಲ ಮತ್ತು ಸ್ಕೇಲ್ ಇದ್ದರೆ ಕ್ಲಬ್ಬಿನ ಜಗಲಿಯಲ್ಲೇ ಇದನ್ನು ಮಾಡಿ ನೋಡಬಹುದು. ಮಕ್ಕಳಿಂದ ಒಮ್ಮೆ ಮಾಡಿಸಿ ಎಂದು ತರಬೇತುದಾರರಿಗೆ ಹೇಳುತ್ತೇನೆ. ಎರಡು ಬೇರೆ ಅಂಕಿಯ ಶಾಫ್ಟ್‌ಗಳು ಒಂದೇ ಭಾರಕ್ಕೆ ಬೇರೆ ಬೇರೆ ತಗ್ಗಿದ್ದನ್ನು ಕಣ್ಣಾರೆ ಕಂಡವರು ಆಮೇಲೆ ಅಂಕಿಯನ್ನು ತಲೆಕೆಳಗಾಗಿ ಓದುವುದಿಲ್ಲ.

ಆದರೆ ಇದು ಮೇಜಿನ ಮೇಲಿನ ಗಡುಸು. ಬಿಲ್ಲಿನಲ್ಲಿ ಕೂತಾಗ ಬಾಣ ತೋರಿಸುವ ಗಡುಸು ಬೇರೆ. ಅದನ್ನು ನಿರ್ಧರಿಸುವುದು ಐದು ಸಂಗತಿಗಳು: ಸೆಳೆತದ ಪೌಂಡು, ಸೆಳೆತದ ಉದ್ದ, ಕ್ಯಾಮ್‌ನ ಒರಟುತನ, ಬಾಣದ ಉದ್ದ, ಪಾಯಿಂಟಿನ ತೂಕ. ಇವುಗಳಲ್ಲಿ ಉದ್ದದ ಪಾತ್ರವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಕೊಳವೆಯ ಬಾಗು ಅದರ ಉದ್ದದ ಘನಕ್ಕೆ ಅನುಗುಣವಾಗಿ ಏರುತ್ತದೆ. 28 ಇಂಚನ್ನು 27ಕ್ಕೆ ಇಳಿಸಿದರೆ ಬಾಗು ಹೆಚ್ಚುಕಡಿಮೆ ಶೇ 10 ಕಡಿಮೆಯಾಗುತ್ತದೆ. 29ನ್ನು 27ಕ್ಕೆ ಇಳಿಸಿದರೆ ಶೇ 19. ಮೈಮೇಲಿನ ಅಂಕಿ ಅದೇ 500 ಆಗಿ ಉಳಿದಿರುತ್ತದೆ, ಬಾಣದ ನಡತೆ ಮಾತ್ರ ಬದಲಾಗಿರುತ್ತದೆ. ಆದ್ದರಿಂದ ‘ನನ್ನದು 500, ನಿನ್ನದೂ 500’ ಎಂದು ಇಬ್ಬರು ಗೆಳೆಯರು ಬಾಣ ಅದಲುಬದಲು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಪಾಯಿಂಟಿನ ತೂಕ ಏರಿಸಿದರೆ ಬಾಣ ಮೆತ್ತಗೆ ವರ್ತಿಸುತ್ತದೆ, ಇಳಿಸಿದರೆ ಗಡುಸಾಗಿ. ಪೌಂಡು ಏರಿಸಿದರೆ ಮೆತ್ತಗೆ, ಇಳಿಸಿದರೆ ಗಡುಸು. ಇಷ್ಟು ನೆನಪಿನಲ್ಲಿದ್ದರೆ ಮುಂದಿನ ಕೆಲಸವೆಲ್ಲ ಹಗುರ.

ಅಳತೆಯ ಕ್ರಮ

ಮೊದಲು ಸೆಳೆತದ ಉದ್ದ. ಎರಡೂ ಕೈ ಚಾಚಿ ನಿಂತಾಗಿನ ಅಗಲವನ್ನು ಎರಡೂವರೆಯಿಂದ ಭಾಗಿಸುವ ಲೆಕ್ಕವೊಂದಿದೆ. ಅದು ಆರಂಭದ ಅಂದಾಜಿಗೆ ಮಾತ್ರ. ನಿಜವಾದ ಉದ್ದವನ್ನು ನಿಲುವು ತಿದ್ದಬಲ್ಲ ತರಬೇತುದಾರರ ಮುಂದೆ, ಬಿಲ್ಲು ಹಿಡಿದೇ ನಿರ್ಧರಿಸಬೇಕು. ಅರ್ಧ ಇಂಚು ಹೆಚ್ಚಿದ್ದರೂ ಭುಜ ಮೇಲೇಳುತ್ತದೆ, ಮುಖ ಹಿಂದೆ ವಾಲುತ್ತದೆ. ಈ ಉದ್ದ ನಿಲ್ಲದ ಹೊರತು ಬಾಣದ ಮಾತೇ ಬೇಡ.

ಆಮೇಲೆ ಪೌಂಡು. ಬಿಲ್ಲಿನ ಕೈಯ (ಲಿಂಬ್) ಮೇಲೆ ಅಂಟಿಸಿದ ಚೀಟಿಯನ್ನು ನಂಬಬೇಡಿ. 40–50 ಎಂದಿದ್ದರೆ ಅದು ಹೊಂದಿಸಬಹುದಾದ ವ್ಯಾಪ್ತಿ. ಆ ಕೈಗಳನ್ನು ಬಿಗಿದ ಬೋಲ್ಟ್ ಎಷ್ಟು ಸುತ್ತು ಬಿಚ್ಚಿದೆ, ಹೆದೆ ಎಷ್ಟು ಹಳೆಯದು ಎಂಬುದರ ಮೇಲೆ ನಿಮ್ಮ ಇವತ್ತಿನ ಪೌಂಡು ನಿಂತಿದೆ. ಬಿಲ್ಲಿನ ಅಂಗಡಿಯಲ್ಲಿ ತೂಗುವ ಸಾಧನವಿರುತ್ತದೆ. ಇಲ್ಲದಿದ್ದರೆ ಗರಿಷ್ಠ ಅಂಕಿಯನ್ನು ಹಿಡಿದಿಡುವ ಡಿಜಿಟಲ್ ಕೊಕ್ಕೆ ತಕ್ಕಡಿಯಲ್ಲೂ ನೋಡಬಹುದು. ಬಂದ ಕಿಲೋವನ್ನು 2.2ರಿಂದ ಗುಣಿಸಿದರೆ ಪೌಂಡು. ಇದನ್ನು ಒಬ್ಬರೇ ಮಾಡಬೇಡಿ. ಹೆದೆ ಕೊಕ್ಕೆಯಿಂದ ಜಾರಿದರೆ ಬಾಣವಿಲ್ಲದೆ ಬಿಲ್ಲು ಹೊಡೆದಂತಾಗುತ್ತದೆ. ಆಗ ಬಿಲ್ಲಿನ ಕೈಗಳು ಸೀಳಬಹುದು, ಕ್ಯಾಮ್ ಬಾಗಬಹುದು, ಹತ್ತಿರ ನಿಂತವರ ಮುಖಕ್ಕೆ ಚೂರು ಹಾರಬಹುದು. ಇನ್ನೊಂದು ನೆನಪಿಡಿ: ವರ್ಲ್ಡ್ ಆರ್ಚರಿ ನಿಯಮದಂತೆ ಸ್ಪರ್ಧೆಯಲ್ಲಿ ಕಾಂಪೌಂಡ್‌ನ ಗರಿಷ್ಠ ಸೆಳೆತ 60 ಪೌಂಡು.

ಮೂರನೆಯದು ಬಾಣದ ಉದ್ದ. ಅದನ್ನು ನಾಕ್‌ನ ಸೀಳಿನ ತಳದಿಂದ ಶಾಫ್ಟಿನ ಮುಂತುದಿಯವರೆಗೆ ಅಳೆಯುತ್ತಾರೆ. ಹೊರಗೆ ಚಾಚಿದ ಪಾಯಿಂಟ್ ಲೆಕ್ಕಕ್ಕಿಲ್ಲ. ಉದ್ದನೆಯ ಬಾಣವೊಂದನ್ನು ಏರಿಸಿ ಪೂರ್ತಿ ಎಳೆದು ನಿಂತಾಗ, ಪಕ್ಕದಲ್ಲಿರುವವರು ಬಾಣ ಕೂರುವ ರೆಸ್ಟಿನ ಮುಂಭಾಗಕ್ಕೆ ಸರಿಯಾಗಿ ಶಾಫ್ಟಿನ ಮೇಲೆ ಗುರುತು ಹಾಕಲಿ. ಆ ಗುರುತಿನಿಂದ ಒಂದು ಇಂಚು ಮುಂದಕ್ಕೆ ಕತ್ತರಿಸುವುದು ವಾಡಿಕೆ. ಬೆಳೆಯುವ ಮಕ್ಕಳಿಗೆ ಒಂದೂವರೆ, ಎರಡು ಇಂಚು ಬಿಟ್ಟರೂ ತಪ್ಪಿಲ್ಲ. ಕಡಿಮೆ ಮಾತ್ರ ಬಿಡಬೇಡಿ. ಮೊನೆ ರೆಸ್ಟಿನಿಂದ ಹಿಂದಕ್ಕೆ ಜಾರಿದ ಬಾಣವನ್ನು ಬಿಟ್ಟರೆ ಅದು ಬಿಲ್ಲು ಹಿಡಿದ ಕೈಗೇ ನುಗ್ಗಬಹುದು.

ನಾಲ್ಕನೆಯದು ಪಾಯಿಂಟು. ಗುರಿಯಾಟಕ್ಕೆ 80ರಿಂದ 120 ಗ್ರೇನ್ ಸಾಮಾನ್ಯ. ಗ್ರೇನ್ ಎಂಬುದು ಬಾಣದವರ ಹಳೆಯ ತೂಕ. ಒಂದು ಗ್ರೇನ್ ಎಂದರೆ 0.0648 ಗ್ರಾಂ. ಒಳಗೆ ಹೋಗುವ ಬಾಲವನ್ನು ತುಂಡುತುಂಡಾಗಿ ಮುರಿದು 120ರಿಂದ 110ಕ್ಕೆ, ನೂರಕ್ಕೆ ಇಳಿಸಬಲ್ಲ ಪಾಯಿಂಟ್‌ಗಳು ಸಿಗುತ್ತವೆ. ಮೊದಲ ಬಾರಿ ಕೊಳ್ಳುವವರಿಗೆ ಅವು ಉತ್ತಮ. ಸ್ಪೈನ್ ತುಸು ಮೆತ್ತಗೆ ಎನ್ನಿಸಿದರೆ ಹತ್ತು ಗ್ರೇನ್ ಮುರಿದು ನೋಡಬಹುದು.

ಈ ನಾಲ್ಕೂ ಕಾಗದದ ಮೇಲೆ ಬಂದ ಮೇಲೆ ಮಾತ್ರ ತಯಾರಕರ ಸ್ಪೈನ್ ಪಟ್ಟಿ ತೆರೆಯಿರಿ. ಒಂದು ಕಡೆ ಪೌಂಡು, ಇನ್ನೊಂದು ಕಡೆ ಬಾಣದ ಉದ್ದ. ಎರಡೂ ಕೂಡುವ ಮನೆಯಲ್ಲಿ ನಿಮಗೆ ಹೊಂದುವ ಸ್ಪೈನ್. ಪಟ್ಟಿಯ ಅಡಿಯಲ್ಲಿರುವ ಸಣ್ಣಕ್ಷರವನ್ನೂ ಓದಿ. ಯಾವ ತೂಕದ ಪಾಯಿಂಟ್, ಎಂಥ ಕ್ಯಾಮ್ ಎಂದುಕೊಂಡು ಆ ಪಟ್ಟಿ ಮಾಡಿದ್ದಾರೆ ಎಂಬುದು ಅಲ್ಲಿರುತ್ತದೆ. ನಿಮ್ಮದು ಅದಕ್ಕಿಂತ ಭಾರದ ಪಾಯಿಂಟ್ ಅಥವಾ ಒರಟು ಕ್ಯಾಮ್ ಆಗಿದ್ದರೆ ಪೌಂಡನ್ನು ಕೆಲವು ಅಂಕ ಏರಿಸಿಕೊಂಡು ಓದಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹದಿನಾರರ ಹುಡುಗಿ, ತಕ್ಕಡಿಯಲ್ಲಿ ಬಂದ ಸೆಳೆತ 48 ಪೌಂಡು, ಬಾಣ 27 ಇಂಚು, ಪಾಯಿಂಟ್ 110 ಗ್ರೇನ್, ಮೃದುವಾದ ಕ್ಯಾಮ್. ಹೆಚ್ಚಿನ ಪಟ್ಟಿಗಳು ಆಕೆಯನ್ನು 500ರ ಆಸುಪಾಸಿಗೆ ತಂದು ನಿಲ್ಲಿಸುತ್ತವೆ. ಆರು ತಿಂಗಳಲ್ಲಿ 52 ಪೌಂಡಿಗೆ ಏರಿಸುವ ಯೋಜನೆ ತರಬೇತುದಾರರಿಗಿದ್ದರೆ 450ನ್ನೇ ಕೊಳ್ಳುವುದು ಜಾಣತನ. ಈಗ ಕೊಂಚ ಗಡುಸು ಎನಿಸಿದರೂ ಅದು ಮುಂದಕ್ಕೆ ಸರಿಹೊಂದುತ್ತದೆ.

ತೂಕದ ಲೆಕ್ಕ

ಸ್ಪೈನ್ ನಿಂತ ಮೇಲೆ ತೂಕ. ಶಾಫ್ಟಿನ ವಿವರದಲ್ಲಿ ಇಂಚಿಗೆ ಇಷ್ಟು ಗ್ರೇನ್ ಎಂದು ಕೊಟ್ಟಿರುತ್ತಾರೆ. ನಮ್ಮ ಹುಡುಗಿಯ ಶಾಫ್ಟ್ ಇಂಚಿಗೆ 7.5 ಗ್ರೇನ್ ಎಂದುಕೊಂಡರೆ 27 ಇಂಚಿಗೆ 202.5. ಪಾಯಿಂಟ್ 110. ನಾಕ್ ಮತ್ತು ಅದರ ಪಿನ್ ಸೇರಿ 15. ಹಿಂತುದಿಯ ರೆಕ್ಕೆಗಳಿಗೆ, ಅಂದರೆ ತಲಾ 5 ಗ್ರೇನಿನ ಮೂರು ವೇನ್‌ಗೆ 15. ಒಟ್ಟು 342.5 ಗ್ರೇನ್. ಇದನ್ನು 48 ಪೌಂಡಿನಿಂದ ಭಾಗಿಸಿದರೆ ಪೌಂಡಿಗೆ ಏಳು ಗ್ರೇನಿನ ಮೇಲೆ ಚೂರು ಬರುತ್ತದೆ.

ಈ ಭಾಗಲಬ್ಧವೇ ಮುಖ್ಯ. ಐದಕ್ಕಿಂತ ಕೆಳಗೆ ಇಳಿಯಲೇಬಾರದು. ಬಹುತೇಕ ಬಿಲ್ಲು ತಯಾರಕರು ಹಾಕುವ ಕನಿಷ್ಠ ಗೆರೆಯದು, ಕೆಲವರು ಇನ್ನೂ ಹೆಚ್ಚು ಕೇಳುತ್ತಾರೆ. ಬಾಣ ತೀರಾ ಹಗುರವಾದರೆ ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿಯನ್ನು ಅದು ಹೊತ್ತೊಯ್ಯಲಾರದು. ಉಳಿದ ಶಕ್ತಿ ಬಿಲ್ಲಿಗೇ ಮರಳಿ ಹೆದೆಯನ್ನೂ ಕ್ಯಾಮನ್ನೂ ಬಡಿಯುತ್ತದೆ. ಕಿವಿಗೇ ಅದು ಗೊತ್ತಾಗುತ್ತದೆ: ಭಾರದ ಬಾಣ ಬಿಟ್ಟಾಗ ಮಂದವಾದ ಸದ್ದು, ಹಗುರದ್ದನ್ನು ಬಿಟ್ಟಾಗ ಚಟ್ಟೆಂಬ ಸದ್ದು, ಹಿಡಿದ ಕೈಗೆ ಜುಮ್ಮೆನ್ನುವ ನಡುಕ. ಗುರಿಯಾಟಕ್ಕೆ ಆರರಿಂದ ಎಂಟರ ನಡುವೆ ಇರುವುದು ನನ್ನ ಲೆಕ್ಕದಲ್ಲಿ ಒಳ್ಳೆಯದು. ಮೇಲಿನ ಉದಾಹರಣೆಯ ಏಳು ಇದರ ಸರಿಮಧ್ಯದಲ್ಲಿದೆ. 52 ಪೌಂಡಿಗೆ ಏರಿದರೂ ಅದೇ ಬಾಣ ಆರೂವರೆಯ ಹತ್ತಿರ ನಿಲ್ಲುತ್ತದೆ.

ವೇಗದ ಆಸೆ ಎಲ್ಲಿಂದ ಬರುತ್ತದೆ ಗೊತ್ತೇ? ಬಿಲ್ಲಿನ ಜಾಹೀರಾತಿನಲ್ಲಿ ಸೆಕೆಂಡಿಗೆ 330 ಅಡಿ, 340 ಅಡಿ ಎಂದು ಹಾಕುತ್ತಾರೆ. ಅದು 70 ಪೌಂಡು, 30 ಇಂಚಿನ ಸೆಳೆತ, 350 ಗ್ರೇನ್ ಬಾಣದಿಂದ ಪಡೆದ ಅಂಕಿ. ಭಾಗಿಸಿ ನೋಡಿ, ಸರಿಯಾಗಿ ಐದು. ಅಂದರೆ ಅನುಮತಿಸಿದ ಅತಿ ಹಗುರದ ಬಾಣ, ನಮ್ಮ ಸ್ಪರ್ಧೆಗಳಲ್ಲಿ ಬಳಸಲು ಬಿಡದ ಪೌಂಡು, ಹೆಚ್ಚಿನವರ ತೋಳಿಗೆ ನಿಲುಕದ ಸೆಳೆತ. ಆ ಅಂಕಿಯನ್ನು ಮುಟ್ಟಲು ಬಾಣ ಹಗುರ ಮಾಡಲು ಹೊರಡುವುದು ವ್ಯರ್ಥ. ನಮ್ಮ ಹುಡುಗಿಯ ಬಾಣ ಸೆಕೆಂಡಿಗೆ 255 ಅಡಿಯಲ್ಲಿ ಹೊರಟರೆ 50 ಮೀಟರ್ ತಲುಪಲು ಸುಮಾರು 0.64 ಸೆಕೆಂಡು ಬೇಕು. 275 ಅಡಿಯಲ್ಲಿ ಹೊರಟರೆ 0.60. ಇಷ್ಟಕ್ಕಾಗಿ ಬಿಲ್ಲನ್ನು ಬಡಿಸಿಕೊಳ್ಳಬೇಕೇ? ದೂರ ಗೊತ್ತಿರುವ ಗುರಿಗೆ ಗುರಿ ನೋಡುವ ಸೈಟನ್ನು ಕೆಲವು ಕ್ಲಿಕ್ ಇಳಿಸಿದರೆ ಮುಗಿಯಿತು.

ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳ ಬಗ್ಗೆಯೂ ಒಂದು ಮಾತು. ಬಾಣದ ತೂಕದ ಮೇಲಿನ ಇಂಗ್ಲಿಷ್ ಬರಹ, ವಿಡಿಯೊಗಳಲ್ಲಿ ಬಹುಪಾಲು ಅಮೆರಿಕದ ಜಿಂಕೆ ಬೇಟೆಗಾರರಿಗೆಂದು ಮಾಡಿದವು. ಚರ್ಮ, ಮೂಳೆ ಸೀಳಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಅವರ ಚಿಂತೆ. ಅದಕ್ಕಾಗಿ 450, 500 ಗ್ರೇನ್ ಎನ್ನುತ್ತಾರೆ, ಅಲಗಿನ ಮೊನೆ ಹಾಕುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ನಮ್ಮ ಗುರಿ ಕಾಗದ. ಆಳ ಮುಖ್ಯವಲ್ಲ, ಹತ್ತು ಬಾಣ ಒಂದೇ ಕಡೆ ಬೀಳುವುದು ಮುಖ್ಯ.

ಒಂದೇ ಕಡೆ ಬೀಳಬೇಕಾದರೆ ಬಾಣಗಳ ತೂಕ ಒಂದೇ ಇರಬೇಕು. ಇದರ ಮಹತ್ವ ಲೆಕ್ಕ ಹಾಕಿದರೆ ತಿಳಿಯುತ್ತದೆ. 0.64 ಸೆಕೆಂಡಿನಲ್ಲಿ ಬಾಣ ಸುಮಾರು ಎರಡು ಮೀಟರ್ ಕೆಳಗೆ ಬೀಳುತ್ತದೆ. ಸೈಟ್ ಆ ಎರಡು ಮೀಟರನ್ನು ಸರಿದೂಗಿಸಿರುತ್ತದೆ. ಒಂದು ಬಾಣ ಉಳಿದವಕ್ಕಿಂತ ಐದು ಗ್ರೇನ್, ಅಂದರೆ ಬರೀ 0.3 ಗ್ರಾಂ ಭಾರವಿದ್ದರೆ ಅದು ತುಸು ನಿಧಾನವಾಗಿ ಹೋಗಿ ಎರಡೂವರೆ ಸೆಂಟಿಮೀಟರ್‌ನ ಆಸುಪಾಸು ಕೆಳಗೆ ಬೀಳುತ್ತದೆ. 50 ಮೀಟರ್‌ನ 80 ಸೆಂಟಿಮೀಟರ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 8 ಸೆಂಟಿಮೀಟರ್. ನಡುವಿನಿಂದ ಅಂಚಿಗೆ ಇರುವುದು ನಾಲ್ಕು. ಅದರಲ್ಲಿ ಎರಡೂವರೆಯನ್ನು ತೂಕದ ವ್ಯತ್ಯಾಸವೇ ತಿಂದುಹಾಕಿದರೆ ಆಟಗಾರ್ತಿಯ ಕೈಗೆ ಉಳಿಯುವುದು ಒಂದೂವರೆ. ಒಡವೆ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಇದಕ್ಕೆ ಸಾಕು. ಹನ್ನೆರಡು ಬಾಣಗಳಿಗೂ ಅಂಕಿ ಬರೆದು, ಒಂದೊಂದನ್ನೂ ತೂಗಿ ಪಟ್ಟಿ ಮಾಡಿ. ಹೆಚ್ಚಿನ ವ್ಯತ್ಯಾಸ ಬರುವುದು ಶಾಫ್ಟಿನಿಂದಲ್ಲ, ವೇನ್‌ಗೆ ಮತ್ತು ಪಾಯಿಂಟಿಗೆ ಹಾಕಿದ ಅಂಟಿನಿಂದ.

ಗಾಳಿಯ ವಿಷಯದಲ್ಲಿ ಹರಡಿರುವ ತಪ್ಪು ತಿಳಿವಳಿಕೆಯೊಂದಿದೆ. ವೇಗದ ಬಾಣ ಗಾಳಿಯಲ್ಲಿ ಕಡಿಮೆ ಹೊತ್ತು ಇರುತ್ತದೆ, ಆದ್ದರಿಂದ ಕಡಿಮೆ ಸರಿಯುತ್ತದೆ ಎನ್ನುತ್ತಾರೆ. ಅಡ್ಡಗಾಳಿ ಬಾಣವನ್ನು ಎಷ್ಟು ಸರಿಸುತ್ತದೆ ಎಂಬುದು ಅದು ಹಾರುವ ಹೊತ್ತಿಗಿಂತ ಹೆಚ್ಚಾಗಿ, ದಾರಿಯಲ್ಲಿ ಅದು ಕಳೆದುಕೊಳ್ಳುವ ವೇಗವನ್ನು ಅವಲಂಬಿಸಿದೆ. ಹಗುರವಾದ ದಪ್ಪ ಬಾಣ ಭರದಿಂದ ಹೊರಟು ಬೇಗ ಸೋಲುತ್ತದೆ. ತೆಳ್ಳಗಿನ, ಮೈಗೆ ತಕ್ಕ ಭಾರವಿರುವ ಬಾಣ ಹೊರಟ ವೇಗವನ್ನು ಹೆಚ್ಚು ಉಳಿಸಿಕೊಳ್ಳುತ್ತದೆ. ಬಯಲಿನಲ್ಲಿ 50 ಮೀಟರ್ ಆಡುವವರು ತೆಳುವಾದ ಕಾರ್ಬನ್ ಬಾಣವನ್ನು ಮೆಚ್ಚುವುದು ಇದಕ್ಕೇ.

ಒಳಾಂಗಣದ 18 ಮೀಟರ್‌ನಲ್ಲಿ ಗಾಳಿಯಿಲ್ಲ. ಕಾಂಪೌಂಡ್‌ನವರಿಗೆ ಅಲ್ಲಿ ಹತ್ತು ಅಂಕ ಸಿಗುವುದು ಎರಡು ಸೆಂಟಿಮೀಟರ್ ವ್ಯಾಸದ ಒಳವೃತ್ತಕ್ಕೆ ಮಾತ್ರ. ಗೆರೆ ಮುಟ್ಟಿದರೂ ಅಂಕ ಸಿಗುವುದರಿಂದ ಎಲ್ಲರೂ ದಪ್ಪ ಬಾಣಕ್ಕೆ ಬದಲಾಗುತ್ತಾರೆ. ವರ್ಲ್ಡ್ ಆರ್ಚರಿ ಶಾಫ್ಟಿಗೆ ಹಾಕಿದ ಮಿತಿ 9.3 ಮಿಲಿಮೀಟರ್. 2315 ಎಂಬ ಅಲ್ಯೂಮಿನಿಯಂ ಶಾಫ್ಟ್ ಈ ಮಿತಿಯೊಳಗೆ ಬರುತ್ತದೆ. ಅದರ ಮೊದಲೆರಡು ಅಂಕಿ ದಪ್ಪವನ್ನು ಇಂಚಿನ 64ನೇ ಭಾಗಗಳಲ್ಲೂ, ಕೊನೆಯೆರಡು ಗೋಡೆಯ ದಪ್ಪವನ್ನು ಇಂಚಿನ ಸಾವಿರದಲ್ಲೂ ಹೇಳುತ್ತವೆ. ದಪ್ಪ ಹೆಚ್ಚಿದಂತೆ ಕೊಳವೆಯ ಗಡುಸು ತೀರಾ ಬೇಗ ಏರುವುದರಿಂದ ಇಂಥ ಬಾಣಗಳು ನಿಮ್ಮ ಪೌಂಡಿಗೆ ಬೇಕಾದ್ದಕ್ಕಿಂತ ಗಡುಸೇ ಇರುತ್ತವೆ. ಉದ್ದವಾಗಿ ಬಿಟ್ಟು, ಭಾರದ ಪಾಯಿಂಟ್ ಹಾಕಿ ಅವುಗಳನ್ನು ಹದಕ್ಕೆ ತರುತ್ತಾರೆ. ಅಲ್ಲಿ ತೂಕ ಪೌಂಡಿಗೆ ಎಂಟು ಗ್ರೇನನ್ನು ದಾಟಿದರೂ ತೊಂದರೆಯಿಲ್ಲ.

ಭಾರ ಮುಂದಕ್ಕೆ ಎಷ್ಟು ವಾಲಿದೆ ಎಂಬುದನ್ನೂ ಒಮ್ಮೆ ನೋಡಿಬಿಡಿ. ಬಾಣವನ್ನು ಬೆರಳ ಮೇಲೆ ತೂಗಿಸಿ, ಅದು ಸಮನಾಗಿ ನಿಲ್ಲುವ ಜಾಗವನ್ನು ನಾಕ್‌ನಿಂದ ಅಳೆಯಿರಿ. ಉದಾಹರಣೆಯ ಬಾಣದಲ್ಲಿ ಅದು 16.6 ಇಂಚಿಗೆ ಬರುತ್ತದೆ. ಅರ್ಧ ಉದ್ದ 13.5, ವ್ಯತ್ಯಾಸ 3.1. ಅದನ್ನು 27ರಿಂದ ಭಾಗಿಸಿದರೆ ಶೇ 11.5. ಹತ್ತರಿಂದ ಹದಿನೈದರೊಳಗೆ ಇದ್ದರೆ ಇದರ ಬಗ್ಗೆ ಇನ್ನು ತಲೆಕೆಡಿಸಿಕೊಳ್ಳಬೇಡಿ.

ಕೊಳ್ಳುವಾಗ, ಹೊಂದಿಸುವಾಗ

ಒಳ್ಳೆಯ ಬಾಣಗಳು ಹೆಚ್ಚಾಗಿ ಹೊರದೇಶದಿಂದಲೇ ಬರುತ್ತವೆ, ಬೆಲೆಯೂ ಹಾಗೇ ಇರುತ್ತದೆ. ಆದ್ದರಿಂದ ಡಜನ್ ಕೊಳ್ಳುವ ಮೊದಲು ಕ್ಲಬ್ಬಿನಲ್ಲಿ ನಿಮ್ಮ ಅಳತೆಗೆ ಹತ್ತಿರವಿರುವವರ ಒಂದೆರಡು ಬಾಣ ಎರವಲು ಪಡೆದು, ಅಕ್ಕಪಕ್ಕದ ಎರಡು ಸ್ಪೈನ್‌ಗಳನ್ನೂ ಹೊಡೆದು ನೋಡಿ. ಎರವಲು ಬಾಣ ನಿಮ್ಮ ಸೆಳೆತಕ್ಕಿಂತ ಚಿಕ್ಕದಲ್ಲ ಎಂದು ಖಾತ್ರಿ ಮಾಡಿಕೊಂಡೇ ಏರಿಸಿ. ಕೊಳ್ಳುವಾಗ ಹನ್ನೆರಡೂ ಒಂದೇ ಪೆಟ್ಟಿಗೆಯವು ಆಗಿರಲಿ. ಆರು ಈಗ, ಆರು ಮುಂದಿನ ತಿಂಗಳು ಎಂದರೆ ಎರಡು ಗುಂಪಿನ ತೂಕವೂ ಗಡುಸೂ ಹೊಂದದೇ ಹೋಗಬಹುದು.

ಪೂರ್ತಿ ಉದ್ದದ ಶಾಫ್ಟ್ ತರಿಸಿಕೊಂಡು ಇಲ್ಲಿ ಕತ್ತರಿಸುವುದಾದರೆ ವೇಗವಾಗಿ ತಿರುಗುವ ಉಜ್ಜುಚಕ್ರದ ಗರಗಸವೇ ಬೇಕು. ಕೈಗರಗಸ ಹಾಕಿದರೆ ಕಾರ್ಬನ್ ನಾರು ಸೀಳಿಕೊಳ್ಳುತ್ತದೆ. ಮೂಗಿಗೆ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ; ಆ ಕಪ್ಪು ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಪಾಯಿಂಟ್ ಅಂಟಿಸುವಾಗ ಬಿಸಿಯನ್ನು ಪಾಯಿಂಟಿಗೆ ಕೊಡಿ, ಶಾಫ್ಟಿಗಲ್ಲ. ಕಾರ್ಬನ್ನನ್ನು ಹಿಡಿದಿಟ್ಟ ರಾಳ ಬಿಸಿಗೆ ಸತ್ತರೆ ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಬಲ ಹೋಗಿರುತ್ತದೆ.

ಬಾಣ ಕೈಗೆ ಬಂದ ಮೇಲೆ ಎರಡು ಮೀಟರ್ ದೂರದಲ್ಲಿ ಚೌಕಟ್ಟಿಗೆ ಬಿಗಿದ ಕಾಗದದ ಮೂಲಕ ಹೊಡೆದು ನೋಡುವುದು ರೂಢಿ. ಮೊನೆಯ ರಂಧ್ರದಲ್ಲೇ ವೇನ್‌ಗಳ ಮೂರು ಸೀಳು ಕೂಡಿದ್ದರೆ ಬಾಣ ನೆಟ್ಟಗೆ ಹೊರಟಿದೆ. ಹರಿದ ಗುರುತು ಒಂದು ಪಕ್ಕಕ್ಕೆ ಉದ್ದವಾಗಿದ್ದರೆ ಕೂಡಲೇ ಸ್ಪೈನನ್ನು ದೂರಬೇಡಿ. ಮೊದಲು ವೇನ್‌ಗಳಿಗೆ ಪೌಡರ್ ಸವರಿ ಹೊಡೆದು, ರೆಸ್ಟ್‌ಗೋ ಕೇಬಲ್ಲಿಗೋ ತಾಗಿದ ಗುರುತಿದೆಯೇ ನೋಡಿ. ಆಮೇಲೆ ಬಿಲ್ಲು ಹಿಡಿದ ಅಂಗೈ. ಹಿಡಿಯನ್ನು ಬಿಗಿಯಾಗಿ ಮುಷ್ಟಿ ಕಟ್ಟಿ ತಿರುಚುವವರ ಕೈಯಲ್ಲಿ ಯಾವ ಬಾಣವೂ ನೆಟ್ಟಗೆ ಹೋಗದು. ಆಮೇಲೆ ರೆಸ್ಟ್ ನಡುಗೆರೆಯಲ್ಲಿದೆಯೇ, ಕ್ಯಾಮ್ ವಾಲಿದೆಯೇ, ಎರಡು ಕ್ಯಾಮ್ ಇದ್ದರೆ ಒಟ್ಟಿಗೆ ತಿರುಗುತ್ತವೆಯೇ ಎಂಬ ಪರೀಕ್ಷೆ. ಇಷ್ಟೆಲ್ಲ ಸರಿಯಿದ್ದೂ ಅದೇ ಸೀಳು ಬರುತ್ತಿದ್ದರೆ ಆಗ ಸ್ಪೈನ್. ಬೋಲ್ಟನ್ನು ಅರ್ಧ ಸುತ್ತು ಬಿಚ್ಚಿ, ಎರಡೂ ಕಡೆ ಸಮನಾಗಿ, ಪೌಂಡು ಇಳಿಸಿ ನೋಡಿ. ಸೀಳು ಚಿಕ್ಕದಾದರೆ ನಿಮ್ಮ ಬಾಣ ಮೆತ್ತಗಿದೆ, ದೊಡ್ಡದಾದರೆ ಗಡುಸು. ಖರ್ಚಿಲ್ಲದ ಈ ಪರೀಕ್ಷೆಯನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ.

ಮುಂದಿನ ಹಂತ 20 ಮೀಟರ್‌ನಲ್ಲಿ ವೇನ್ ಇಲ್ಲದ ಬರೀ ಶಾಫ್ಟ್ ಹೊಡೆಯುವುದು. ವೇನ್ ಎಂಬುದು ತಪ್ಪನ್ನು ದಾರಿಯಲ್ಲೇ ತಿದ್ದುವ ಅಂಗ. ಅದನ್ನು ತೆಗೆದಾಗ ಬಾಣ ಮತ್ತು ಬಿಲ್ಲಿನ ಹೊಂದಾಣಿಕೆ ಬಯಲಾಗುತ್ತದೆ. ಬರೀ ಶಾಫ್ಟ್ ಉಳಿದವುಗಳ ಪಕ್ಕದಲ್ಲೇ ಬಿದ್ದರೆ ಆಯ್ಕೆ ಸರಿಯಿದೆ. ಹೊಸಬರು ಇದಕ್ಕೆ ಆತುರಪಡಬೇಕಿಲ್ಲ. ಬಿಡುಗಡೆ ಹದಕ್ಕೆ ಬರುವ ಮೊದಲು ಈ ಪರೀಕ್ಷೆ ಬಾಣದ ಬದಲು ನಿಮ್ಮ ಕೈಯ ತಪ್ಪನ್ನೇ ತೋರಿಸುತ್ತದೆ.

ಕೊನೆಗೆ ಉಳಿಯುವುದು ಹನ್ನೆರಡರಲ್ಲಿ ಒಂದೆರಡು ತುಂಟ ಬಾಣಗಳು. ಅಂಕಿ ಬರೆದಿರುವುದರಿಂದ ಏಳನೆಯದೇ ಪದೇ ಪದೇ ಗುಂಪಿನಿಂದ ಹೊರಗೆ ಬೀಳುತ್ತಿದೆ ಎಂಬುದು ತಿಳಿಯುತ್ತದೆ. ಕಾರ್ಬನ್ ಶಾಫ್ಟಿನ ಸುತ್ತಲೂ ಗಡುಸು ಒಂದೇ ಸಮ ಇರುವುದಿಲ್ಲ, ಒಂದು ಬದಿ ಕೊಂಚ ಹೆಚ್ಚು. ನಾಕನ್ನು ಒಂದು ವೇನ್‌ನಷ್ಟು ತಿರುಗಿಸಿ ಮತ್ತೆ ಹೊಡೆಯಿರಿ. ಮೂರು ಸ್ಥಾನಗಳಲ್ಲಿ ಯಾವುದಾದರೂ ಒಂದರಲ್ಲಿ ಅದು ಗುಂಪಿಗೆ ಸೇರುವ ಸಾಧ್ಯತೆ ಹೆಚ್ಚು. ಸೇರದಿದ್ದರೆ ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಸ್ಪರ್ಧೆಯ ಬತ್ತಳಿಕೆಗೆ ಬೇಡ.

ಮಕ್ಕಳ ಬಾಣದ ಮೇಲೆ ಪ್ರತ್ಯೇಕ ಕಣ್ಣಿರಬೇಕು. ಅವರ ಬಿಲ್ಲಿನ ಪೌಂಡು ಕೆಲವೇ ತಿಂಗಳಲ್ಲಿ ಏರುತ್ತದೆ, ತೋಳು ಬೆಳೆದಂತೆ ಸೆಳೆತ ಉದ್ದವಾಗುತ್ತದೆ. ಬಾಣ ಮಾತ್ರ ಹಳೆಯದೇ ಇರುತ್ತದೆ. ಮೂರು ಅಪಾಯಗಳು ಒಟ್ಟಿಗೇ ಬರುತ್ತವೆ: ಮೊನೆ ರೆಸ್ಟಿನ ಹತ್ತಿರಕ್ಕೆ ಸರಿಯುವುದು, ಬಾಣ ಮೆತ್ತಗಾಗುವುದು, ಪೌಂಡಿನ ಲೆಕ್ಕದಲ್ಲಿ ತೂಕ ಐದರತ್ತ ಇಳಿಯುವುದು. ಬೋಲ್ಟ್ ತಿರುಗಿಸಿದ ದಿನವೇ ಮೂರನ್ನೂ ಮತ್ತೆ ಅಳೆಯಿರಿ. ಈ ವಯಸ್ಸಿನವರಿಗೆ ದುಬಾರಿ ಬಾಣ ಬೇಡ. ಸಾಧಾರಣ ಬೆಲೆಯ ಕಾರ್ಬನ್, ತುಸು ಉದ್ದ, ತುಸು ಗಡುಸು, ಇಷ್ಟು ಸಾಕು. ಉಳಿದ ಹಣ ತರಬೇತಿಗೆ ಹೋಗಲಿ.

ಇನ್ನು ಪ್ರತಿದಿನದ ಒಂದು ಕೆಲಸ. ಗುರಿಯಿಂದ ಕಿತ್ತ ಬಾಣವನ್ನು, ಅದರಲ್ಲೂ ಇನ್ನೊಂದು ಬಾಣಕ್ಕೆ ಬಡಿದದ್ದನ್ನು, ಹಾಗೇ ಮತ್ತೆ ಏರಿಸಬೇಡಿ. ಎರಡು ತುದಿ ಹಿಡಿದು ಮುಖದಿಂದ ದೂರ ಚಾಚಿ ಮೆಲ್ಲಗೆ ಬಾಗಿಸಿ, ಕಾಲುಭಾಗ ತಿರುಗಿಸಿ ಮತ್ತೆ ಬಾಗಿಸಿ, ಹೀಗೆ ಒಂದು ಸುತ್ತು. ಆಮೇಲೆ ಎರಡು ಕೈಯಿಂದ ವಿರುದ್ಧ ದಿಕ್ಕಿಗೆ ತುಸು ತಿರುಚಿ. ಚಿಟಿಕೆಯಂಥ ಸದ್ದು ಕೇಳಿದರೆ, ಉಗುರಿಗೆ ನಾರು ತಾಗಿದರೆ, ಒಂದು ಬದಿ ಉಳಿದವಕ್ಕಿಂತ ಸುಲಭವಾಗಿ ಬಾಗಿದರೆ ಆ ಬಾಣವನ್ನು ಅಲ್ಲೇ ಎರಡು ತುಂಡು ಮಾಡಿ. ಬರೀ ಪಕ್ಕಕ್ಕೆ ಇಟ್ಟರೆ ಯಾರಾದರೂ ಎತ್ತಿಕೊಂಡು ಹೊಡೆಯುತ್ತಾರೆ.

ತಕ್ಕಡಿಯಲ್ಲಿ ಬಂದ ಪೌಂಡು, ಸೆಳೆತದ ಉದ್ದ, ಬಾಣದ ಉದ್ದ, ಪಾಯಿಂಟ್, ಸ್ಪೈನ್, ಒಟ್ಟು ತೂಕ, ಇವಿಷ್ಟನ್ನು ತಾರೀಖಿನ ಸಮೇತ ಒಂದು ಚೀಟಿಯಲ್ಲಿ ಬರೆದು ಬಿಲ್ಲಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಮುಂದಿನ ಡಜನ್ ಕೊಳ್ಳಲು ಹೋದಾಗ ಅಂಗಡಿಯವರು ಮೊದಲು ಕೇಳುವುದು ಇವನ್ನೇ. ಕೇಳದೆ ‘ಇದು ಎಲ್ಲ ಬಿಲ್ಲಿಗೂ ಆಗುತ್ತೆ ಸಾರ್’ ಎಂದು ಬಾಣ ತೆಗೆದುಕೊಟ್ಟರೆ ಬೇರೆ ಅಂಗಡಿ ನೋಡಿ.